ಬಾಯಿ ಕಟ್ಟಿದ ನೀಲಿ ಜಾಡಿ

ಒಳಗೆ ಏನೂ ಇಲ್ಲದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯಾಣ ಮಾಡಬಾರದು. ಮಾಡಿದರೂ, "ಒಳಗೇನದೆ?" ಎಂದು ಕೇಳಿದವರಿಗೆ "ಏನೂ ಇಲ್ಲ" ಎನ್ನಬಾರದು. ಬೆಲ್ಲ ಇದೆ ಎನ್ನಿ, ತುಪ್ಪ ಇದೆ ಎನ್ನಿ, ನಾಗರಹಾವಿದೆ ಎಂದರೂ ಜನ ನಂಬುತ್ತಾರೆ. ಏನೂ ಇಲ್ಲ ಎಂಬ ಮಾತನ್ನು ಮಾತ್ರ ಬಳ್ಳಾರಿ ಸೀಮೆಯಲ್ಲಿ ಈವರೆಗೆ ಒಬ್ಬರೂ ನಂಬಿದ್ದಿಲ್ಲ. ಕಲೆಕ್ಟರ್ ಕಚೇರಿಯ ಗುಮಾಸ್ತ ಜಯತೀರ್ಥರಾಯರಿಗೆ ಇಷ್ಟು ತಿಳಿದಿದ್ದರೆ, ಗಟ್ಟಿಮುಟ್ಟಾಗಿ ಬದುಕಿದ್ದ ಅವರ ತಾಯಿಯ ಹೆಸರಿನಲ್ಲಿ ಮಂದಿ ತಲೆಗೆ ನೀರು ಹಾಕಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಬಳ್ಳಾರಿಗೆ ರೈಲು ಬಂದು, ಅದನ್ನು ನೋಡಲಿಕ್ಕೆ ಜನ ಬುತ್ತಿ ಕಟ್ಟಿಕೊಂಡು ಹೋಗುವುದು ನಿಂತುಹೋಗಿದ್ದ ಕಾಲ. ದಂಡಿನಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟು ಮನೆಯ ಸಾಮಾನನ್ನೆಲ್ಲ ಕೌಲ್ ಬಜಾರಿನಲ್ಲಿ ಹರಾಜಿಗಿಟ್ಟ. ಕುರ್ಚಿ, ಮಂಚ, ಕೊನೆಗೆ ನಾಯಿಯ ಸರಪಳಿಗೂ ಜನ ಮುಗಿಬಿದ್ದರು. ಮುಚ್ಚಳವಿದ್ದ ಒಂದು ಪಿಂಗಾಣಿ ಜಾಡಿಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ರಾಯರೊಬ್ಬರೇ ಕೂಗಿದರು. ಎದುರಿಗೆ ಕೂಗುವವರು ಯಾರೂ ಇಲ್ಲದ್ದು ನೋಡಿ, ಇಂಥ ವಸ್ತುವಿಗೆ ಇದು ಅವಮಾನ ಅನ್ನಿಸಿ, ತಮ್ಮ ಮೇಲೆ ತಾವೇ ಇನ್ನೊಂದು ಸಲ ಏರಿಸಿ ಕೂಗಿದರು.

ಜಾಡಿ ಚೆಂದವಿತ್ತು, ಸುಳ್ಳು ಹೇಳಬಾರದು. ಕೆನೆಯಂಥ ಬಿಳುಪು, ಅದರ ಮೇಲೆ ಗಾಢವಾದ ನೀಲಿ ಚಿತ್ತಾರ. ಚೀನಾ ದೇಶದ ಯಾವನೋ ಪುಣ್ಯಾತ್ಮ ಕೈಯಲ್ಲೇ ಬರೆದದ್ದು: ಒಂದು ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಮನುಷ್ಯ, ದಡದಲ್ಲಿ ಬಾಗಿದ ಮರ, ಮರದ ಕೊಂಬೆಯ ಮೇಲೊಂದು ಹಕ್ಕಿ. ಹಕ್ಕಿ ಬರೆಯುವಾಗ ಕುಂಚ ಜಾರಿ ಅದಕ್ಕೆ ಮೂರು ಕಾಲು ಬಂದಿದ್ದವು. "ಅಚ್ಚು ಒತ್ತಿದ್ರ ಎರಡೇ ಕಾಲು ಇರ್ತಿದ್ವು. ಮೂರು ಕಾಲು ಅದಾವ ಅಂದ್ರನ ಕೈಕೆಲಸ ಅಂತ ಗುರ್ತು," ಎಂದು ರಾಯರು ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಮನೆಗೆ ಬಂದರು.

ಮನೆಯಲ್ಲಿ ತಾಯಿ ಅಂಬುಜಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು. ಮಡಿಯ ಕೆಂಪು ಸೀರೆ, ಹಣೆಯವರೆಗೆ ಹೊದ್ದ ಸೆರಗು. ಮನೆಯ ಗೋಡೆಗಳು ಸಹ ಅವರ ಮಾತಿಗೆ ಹೆದರುತ್ತಿದ್ದವು.

"ಏನೋ ಅದು ಜಯಾ?"

"ಜಾಡಿ ಅವ್ವಾ. ಪಿಂಗಾಣಿದು."

"ಏನು ಹಾಕೋದು ಇದ್ರಾಗ? ಉಪ್ಪಿನಕಾಯಾ?"

"ಏನೂ ಹಾಕೋದಲ್ಲ. ಮನಿ ಅಂದಕ್ಕ ಇಡೋದು. ಬಂದವರು ನೋಡ್ತಾರ."

ಅಂಬುಜಮ್ಮ ಬತ್ತಿ ಕೆಳಗಿಟ್ಟರು. "ನೋಡ್ತಾರ? ಏನೂ ಇಲ್ಲದ ಗಡಿಗೀನ? ಯಾಕ, ನಮ್ಮನಿಗೆ ಬಂದವರು ನನ್ನ ನೋಡಿದ್ರ ಸಾಲದೇನು?"

ರಾಯರು ಮಣೆಯ ಮೇಲೆ ಹತ್ತಿ ಜಾಡಿಯನ್ನು ಗೋಡೆಯ ಮಾಡದಲ್ಲಿ ಇಡಲು ಹೋದರು. ಮಾಡ ಕಿರಿದು, ಜಾಡಿ ದಪ್ಪ. ಜಾಡಿ ಜಾರಿತು, ರಾಯರು ಹಿಡಿದರು, ಹಿಡಿಯುವ ಭರಾಟೆಯಲ್ಲಿ ಅದು ಕೆಳಗೆ ನಿಂತು ನೋಡುತ್ತಿದ್ದ ಅಂಬುಜಮ್ಮನ ನೆತ್ತಿಗೆ ಠಣ್ಣೆಂದು ಬಡಿಯಿತು. ರಾಯರು ಕೆಳಗಿಳಿದು ಗಾಬರಿಯಿಂದ ತಿರುಗಿಸಿ ತಿರುಗಿಸಿ ನೋಡಿದರು. "ಸದ್ಯ, ಏನೂ ಆಗಿಲ್ಲ," ಅಂದರು. ಅವರು ನೋಡಿದ್ದು ಜಾಡಿಯನ್ನು.

ಆ ಕ್ಷಣವನ್ನು ಅಂಬುಜಮ್ಮ ಮರೆಯಲಿಲ್ಲ. ನೆತ್ತಿಯ ಬುಗುಟು ಸವರಿಕೊಂಡು ತೀರ್ಪು ಕೊಟ್ಟರು. ತಾಮ್ರ ಹಿತ್ತಾಳೆಯಾದರೆ ತಿಕ್ಕಿ ತೊಳೆದರೆ ಶುದ್ಧವಾಗುತ್ತದೆ. ಪಿಂಗಾಣಿ ಅಂದರೆ ಎಷ್ಟಾದರೂ ಮಣ್ಣು. ದೊರೆಯ ಮನೆಯಲ್ಲಿ ಅದರೊಳಗೆ ಏನಿಟ್ಟಿದ್ದರೋ ಯಾರಿಗೆ ಗೊತ್ತು? ಅಡುಗೆಮನೆಗೆ ಬರಕೂಡದು, ಪಡಸಾಲೆಯಲ್ಲಿ ಇರಕೂಡದು, ದೇವರಮನೆಯ ಕಡೆ ಮುಖ ಕೂಡ ಮಾಡಕೂಡದು. ರಾಯರ ಹೆಂಡತಿ ವಿಜಯಾಬಾಯಿ ಗಂಡನ ಮಾತಿಗೂ ಅತ್ತೆಯ ಮಾತಿಗೂ ಒಂದೇ ಸಮನೆ ತಲೆಯಾಡಿಸಿ ಒಳಗೆ ಹೋದಳು.

ಆಗ ರಾಯರಿಗೆ ಇನ್ನೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಮಗಳು ಇಂದಿರೆಗೆ ಸಿರುಗುಪ್ಪದ ನರಸಿಂಹಾಚಾರ್ಯರ ಮಗ ವಾಸುದೇವನ ಸಂಬಂಧ ಮಾತಿನಲ್ಲಿತ್ತು. ಜಾತಕ ಕೂಡಿತ್ತು, ಹುಡುಗಿಯನ್ನು ಒಪ್ಪಿದ್ದರು. ರಾಯರು ಹೋಗಿ ಲಗ್ನ ಗೊತ್ತುಮಾಡಿಕೊಂಡು ಬರುವುದೊಂದೇ ಉಳಿದದ್ದು. ಇದಕ್ಕೆ ಮುಂಚೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆವದಿಂದ ತಪ್ಪಿಹೋಗಿದ್ದವು. ಇದು ತಪ್ಪಿದರೆ ಓಣಿಯಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ. ಆಚಾರ್ಯರು ಹೊಳೆಯ ದಂಡೆಯ ಓಣಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಹೊಸ ಮನೆಯ ಹೊಸ ಪಡಸಾಲೆಯಲ್ಲಿ ಈ ಜಾಡಿ ಕೂತರೆ, ಬಂದವರು "ಇದು ಯಾರು ಕೊಟ್ಟಿದ್ದು?" ಎಂದು ಕೇಳಿದರೆ, "ಬಳ್ಳಾರಿ ಬೀಗರು" ಎಂದು ಅವರು ಹೇಳಿದರೆ... ರಾಯರು ಹಾಗೆ ಯೋಚಿಸುತ್ತಲೇ ಎರಡು ತುತ್ತು ಹೆಚ್ಚು ಉಂಡರು.

ಅಂಬುಜಮ್ಮ ಒಪ್ಪಿದರು. ಜಾಡಿ ಮನೆಯಿಂದ ತೊಲಗುವುದಾದರೆ ಯಾವ ಮಾತಿಗೂ ಒಪ್ಪುತ್ತಿದ್ದರು. ಆದರೆ ರಾಯರು ದೊರೆಗಳನ್ನು ನೋಡಿ ಅಕ್ಕರೆಯಿಂದ ಬೆಳೆಸಿದ್ದ ಮೀಸೆ ಹೋಗಬೇಕೆಂದರು. "ಅವರು ಮಡಿವಂತರು. ಆ ಪೊದಿ ಹೊತಗೊಂಡು ಹೋಗಬ್ಯಾಡ." ರಾಯರು ಹಲ್ಲು ಕಚ್ಚಿ ಕ್ಷೌರ ಮಾಡಿಸಿಕೊಂಡರು. ತಲೆ ನುಣ್ಣಗೆ, ಹಿಂದೊಂದು ಜುಟ್ಟು, ತುಟಿಯ ಮೇಲೆ ಏನೂ ಇಲ್ಲ. ಅವರು ಬರುವಷ್ಟರಲ್ಲಿ ಅಂಬುಜಮ್ಮ ಜಾಡಿಯನ್ನು ತಮಗೆ ತಿಳಿದಂತೆ ಶುದ್ಧಿ ಮಾಡಿ, ಮುಚ್ಚಳ ಹಾಕಿ, ಹಳೆಯ ಬಿಳಿ ಪಂಚೆಯಲ್ಲಿ ಪೂರ್ತಿ ಸುತ್ತಿ, ಬಾಯಿಗೆ ದಾರದಿಂದ ಗಂಟಿನ ಮೇಲೆ ಗಂಟು ಹಾಕಿ ಇಟ್ಟಿದ್ದರು.

"ಬಿಚ್ಚಬ್ಯಾಡ ದಾರಿಯೊಳಗ," ಎಂದರು.

ಇನ್ನು ಓದುವವರು ಒಂದು ಕ್ಷಣ ನಿಂತು ಈ ಮನುಷ್ಯನನ್ನು ನೋಡಬೇಕು. ಹೊಸದಾಗಿ ಬೋಳಿಸಿದ ತಲೆ. ಮೀಸೆ ಇಲ್ಲ. ಕೈಯಲ್ಲಿ ಬಿಳಿ ಬಟ್ಟೆ ಸುತ್ತಿ ಬಾಯಿ ಕಟ್ಟಿದ ಗಡಿಗೆ. ಹೊರಟಿದ್ದು ತುಂಗಭದ್ರೆಯ ದಂಡೆಗೆ. ಬ್ರಾಹ್ಮಣರ ಮನೆಯಲ್ಲಿ ಹೆತ್ತವರು ಹೋದಾಗ ಮೀಸೆ ತೆಗೆಸಿ, ಅಸ್ಥಿಯನ್ನು ಗಡಿಗೆಯಲ್ಲಿ ತುಂಬಿ, ಬಾಯಿ ಕಟ್ಟಿ, ಹೊಳೆಗೆ ಬಿಡಲು ಒಯ್ಯುವುದು ಎಳೆಯ ಕೂಸಿಗೂ ಗೊತ್ತು. ಗೊತ್ತಿರಬೇಕಾದ ರಾಯರ ತಲೆಯಲ್ಲಿ ಮಾತ್ರ ಚೀನಾ ದೇಶದ ಸೇತುವೆಯೇ ತುಂಬಿತ್ತು.

ಬಾಡಿಗೆಗೆ ಬಂದ ಕಮಾನು ಬಂಡಿ ಕುರುಗೋಡಿನ ಮರಿಬಸಪ್ಪನದು. ಸಿರುಗುಪ್ಪಕ್ಕೆ ಮೋಕ ಎಂಬ ಊರಿನ ಮೇಲೆ ನೇರ ದಾರಿ ಇದ್ದರೂ ಅವನ ಎತ್ತುಗಳು ತಮ್ಮೂರಿನ ದಾರಿ ಬಿಟ್ಟು ಇನ್ನೊಂದು ದಾರಿ ತುಳಿಯುತ್ತಿರಲಿಲ್ಲ. ಅವನು ರಾಯರ ಮುಖ ನೋಡಿದ, ತೊಡೆಯ ಮೇಲಿನ ಗಂಟು ನೋಡಿದ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿದ. ಆಮೇಲೆ ಸದ್ದಿಲ್ಲದೆ ಎತ್ತುಗಳ ಕೊರಳಿನ ಗೆಜ್ಜೆ ಬಿಚ್ಚಿ ಚೀಲಕ್ಕೆ ಹಾಕಿದ.

"ಗೆಜ್ಜಿ ಯಾಕ ಬಿಚ್ಚಿದ್ಯೋ?"

"ಇರ್ಲಿ ಬಿಡ್ರಿ ಸ್ವಾಮಿ."

ಇಂಥ ಬೆಲೆಬಾಳುವ ವಸ್ತು ಇದ್ದಾಗ ಎತ್ತು ಕುಣಿಯಬಾರದೆಂದು ಬಿಚ್ಚಿದ್ದಾನೆ ಎಂದು ರಾಯರಿಗೆ ಸಂತೋಷವಾಯಿತು. ಆದರೆ ಊರು ದಾಟಿದರೂ ಮರಿಬಸಪ್ಪ ತುಟಿ ಬಿಚ್ಚಲಿಲ್ಲ. ಮಳೆಯ ಮಾತು ತೆಗೆದರೆ "ಹೂಂ ರೀ". ಹತ್ತಿಯ ಮಾತು ತೆಗೆದರೆ "ಹೂಂ ರೀ". ಮಾತುಗಾರನೆಂದು ಹೆಸರಾದವನಿಗೆ ಇವತ್ತೇ ಯಾಕೆ ಬಾಯಿ ಕಟ್ಟಿತೋ ಎಂದು ರಾಯರಿಗೆ ರೇಗಿತು.

ಎರೆಭೂಮಿಯ ದಾರಿ. ಗಾಲಿ ಎಬ್ಬಿಸಿದ ಕರಿಯ ಧೂಳೆಲ್ಲ ರಾಯರ ಕಣ್ಣಿಗೇ ಬಂತು. ಎರಡೂ ಕೈ ಜಾಡಿಯ ಮೇಲಿದ್ದುದರಿಂದ ಉಜ್ಜಿಕೊಳ್ಳುವಂತಿಲ್ಲ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲೇ ಹಿಂದಿನಿಂದ ಗೆಜ್ಜೆಕೋಲು ಕುಲುಕುತ್ತ ಟಪಾಲಿನ ಹರಿಕಾರ ಪಕ್ಕೀರಪ್ಪ ಓಡುತ್ತ ಬಂದ. ಬಳ್ಳಾರಿಯಿಂದ ಕುರುಗೋಡಿಗೆ ಟಪಾಲು ಚೀಲ ಒಯ್ಯುವುದು ಅವನ ಕೆಲಸ. ಚೀಲದಲ್ಲಿದ್ದ ಸುದ್ದಿ ನಿಧಾನವಾಗಿ ತಲುಪುತ್ತಿತ್ತು, ಬಾಯಲ್ಲಿದ್ದ ಸುದ್ದಿ ಅದಕ್ಕಿಂತ ಮುಂಚೆ ಮುಟ್ಟುತ್ತಿತ್ತು.

"ಅಡ್ಡಬಿದ್ದೆ ಸ್ವಾಮಿ. ಎಲ್ಲಿ ಮಟಾ?"

"ಸಿರುಗುಪ್ಪಕ್ಕಪ್ಪ. ಹೊಳಿ ದಂಡಿಗೆ."

ಪಕ್ಕೀರಪ್ಪನ ಕಣ್ಣು ಗಂಟಿನ ಮೇಲೆ ಬಿತ್ತು. "ಅದು..."

"ಇದನ್ನ ನೆಲಕ್ಕ ಇಡಬಾರದು. ಅದಕ್ಕ ತೊಡಿ ಮ್ಯಾಲೆ ಇಟಗೊಂಡೀನಿ."

"ಒಳಗ..."

"ಏನೂ ಇಲ್ಲೋ ಮಾರಾಯಾ, ಏನೂ ಇಲ್ಲ!"

ಪಕ್ಕೀರಪ್ಪ ರಾಯರ ಬೋಳು ತುಟಿ ನೋಡಿದ, ಸುರಿಯುವ ಕಣ್ಣು ನೋಡಿದ. ರಾಯರ ತಂದೆ ಹೋಗಿ ಎಷ್ಟೋ ವರ್ಷವಾಗಿತ್ತು, ಅವನಿಗೆ ಗೊತ್ತು. ಅಂದಮೇಲೆ ಉಳಿದವರು ಒಬ್ಬರೇ. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಅಮ್ಮಾರು ದೊಡ್ಡ ಜೀವ ರೀ ಸ್ವಾಮಿ," ಅಂದ.

"ಹೌದಪ್ಪ, ಬಾಳ ದೊಡ್ಡ ಜೀವ," ಎಂದರು ರಾಯರು, ನೆತ್ತಿಯ ಬುಗುಟಿನ ರಂಪ ನೆನೆದು ನಿಟ್ಟುಸಿರು ಬಿಡುತ್ತ.

ಪಕ್ಕೀರಪ್ಪ "ಬರ್ತೀನ್ರಿ" ಅನ್ನಲಿಲ್ಲ. ಸಾವಿನ ಮನೆಯವರಿಗೆ ಯಾರೂ ಹಾಗೆ ಅನ್ನುವುದಿಲ್ಲ. ತಿರುಗಿ ನೋಡದೆ ಓಡಿದ. ಸರ್ಕಾರದ ನೌಕರನಿಗೆ ಮರ್ಯಾದೆಯೇ ತಿಳಿಯದಂತಾಯಿತಲ್ಲ ಎಂದು ರಾಯರು ಗೊಣಗಿಕೊಂಡರು.

ಕುರುಗೋಡು ಮುಟ್ಟಿದಾಗ ಹೊತ್ತು ಇಳಿದಿತ್ತು. ರಾತ್ರಿಯ ವಸತಿ ಮರಿಬಸಪ್ಪನ ಮನೆಯ ಅಂಗಳದಲ್ಲಿ. ಅವನ ಹೆಂಡತಿ ಕೊಟ್ರಮ್ಮ ಬಾಗಿಲಲ್ಲೇ ನಿಂತಿದ್ದಳು. ಬಂದವರಿಗೆ "ಬರ್ರಿ" ಅನ್ನಲಿಲ್ಲ. ಕೈಸನ್ನೆಯಿಂದ ಅಂಗಳದ ಬೇವಿನ ಮರ ತೋರಿಸಿದಳು.

"ಅದನ್ನ ಗಿಡಕ್ಕ ಕಟ್ರಿ ಸ್ವಾಮಿ. ಮನ್ಯಾಗ ತರಬ್ಯಾಡ್ರಿ."

"ಗಿಡಕ್ಕ? ಪಿಂಗಾಣೀನ?"

"ನಿಮ್ಮಾಗ ಗಿಡಕ್ಕ ಕಟ್ಟತಾರ ಅಂತಲ್ರೀ. ನಮ್ಮಾಗ ಮಣ್ಣಾಗ ಇಡೋದ್ರೀ, ನಮಗ ಈ ಬೂದಿ, ಎಲುಬು ಗೊತ್ತಾಗೂದಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಕ್ಕೀರಪ್ಪ ಎಲ್ಲಾ ಹೇಳ್ಯಾನ್ರೀ. ನಿಮ್ಮವ್ವಾರು ಹ್ಯಾಂಗ ಹೋದ್ರು ರೀ?"

ರಾಯರಿಗೆ ಆಗ ಎಲ್ಲ ಒಟ್ಟಿಗೆ ತಿಳಿಯಿತು. ಗೆಜ್ಜೆ, "ಹೂಂ ರೀ", ಕಂಕುಳಲ್ಲಿ ರುಮಾಲು, ಎಲ್ಲ.

"ನಮ್ಮವ್ವ ಹೋಗಿಲ್ಲ!" ಎಂದು ಕಿರುಚಿದರು. "ಗಟ್ಟಿಮುಟ್ಟಾಗಿ ಅದಾಳ! ಇದು ಜಾಡಿ! ಖಾಲಿ ಜಾಡಿ!"

ಬೇಲಿಯಾಚೆ ನೆರೆಯವರು ಸೇರಿದ್ದರು. "ಪಾಪ," ಎಂದಿತು ಒಂದು ದನಿ. "ತಾಯಿ ಹೋದ ಸಂಕಟಕ್ಕ ಹಂಗ ಅಂತಾರ. ಮಾತಾಡಸ್ರಿ, ಸುಮ್ನಿರಿಸಬ್ಯಾಡ್ರಿ."

"ಸತ್ತಿಲ್ಲ ಅಂದೆನಲ್ಲಾ!"

"ಹೌದ್ರಿ ಸ್ವಾಮಿ, ಸತ್ತಿಲ್ರಿ. ಅಂಥವರು ಎಲ್ಲಿ ಸಾಯತಾರ್ರೀ? ಮನಸಿನ್ಯಾಗ ಇರತಾರ."

ಸುದ್ದಿ ಕೇಳಿ ಊರ ಲೆಕ್ಕ ಬರೆಯುವ ಕರಣಂ ಕೂಡ ಬಂದರು. ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ, ಅದು ತಮ್ಮ ಕಡೆಗೆ ಬಾರದ ಹಾಗೆ ನಿಂತು ಮೂಗಿಗೆ ವಸ್ತ್ರ ಹಿಡಿದು ಕೇಳಿದರು: "ರಾಯರೇ, ಒಂದು ಮಾತು. ಬಳ್ಳಾರಿಯೊಳಗ ವಾಂತಿಭೇದಿ ಎದ್ದದೇನು? ನಿಜಾ ಹೇಳ್ರಿ. ನಾಳೆ ತಹಶೀಲ್ದಾರರು ಕೇಳಿದ್ರ ನಾನು ಏನು ಹೇಳಲಿ?"

"ಏನೂ ಎದ್ದಿಲ್ಲ! ಯಾರೂ ಸತ್ತಿಲ್ಲ!"

"ಯಾರೂ ಸತ್ತಿಲ್ಲ ಅಂದ್ರ ಇದೇನು?"

"ಅಲಂಕಾರದ ಜಾಡಿ ರೀ! ದೊರಿಗಳು ಮನ್ಯಾಗ ಅಂದಕ್ಕ ಇಡ್ತಾರ!"

ಕರಣಂ ಕನಿಕರದಿಂದ ಮರಿಬಸಪ್ಪನ ಕಡೆ ತಿರುಗಿದರು. "ತಲಿಗೆ ಹತ್ತಿದಂಗ ಅದ. ಎಳನೀರು ಸಿಕ್ಕರ ಕುಡಸ್ರಿ."

ರಾಯರು ಗಂಟು ಬಿಚ್ಚಿ ತೋರಿಸಿಯೇ ಬಿಡುವುದೆಂದು ಜಾಡಿಗೆ ಕೈ ಹಾಕಿದರು. ಅಂಗಳವೆಲ್ಲ ಹೋ ಎಂದಿತು. ಮರಿಬಸಪ್ಪ ಓಡಿ ಬಂದು ಎರಡೂ ಕೈ ಹಿಡಿದುಕೊಂಡ. "ಬ್ಯಾಡ್ರೀ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ. ಹೊಳೀಗೆ ಮುಟ್ಟೋಮಟ ಬಿಚ್ಚಬಾರದ್ರಿ. ಬಿಚ್ಚಿದ್ರ ಅಮ್ಮಾರ ಜೀವಕ್ಕ ದಾರಿ ಸಿಗೂದಿಲ್ಲ." ಹಿಡಿದ ಕೈ ಬಿಡಲಿಲ್ಲ. ಕೊನೆಗೆ ಜಾಡಿ ಬೇವಿನ ಮರಕ್ಕೆ ಏರಿತು. ರಾಯರು ಅದರ ಕೆಳಗೆ ಕೂತು, ಹಗ್ಗ ಹರಿದು ಬಿದ್ದರೆ ಹಿಡಿಯಬೇಕೆಂದು ಮೇಲೆ ನೋಡುತ್ತಲೇ ಇದ್ದರು. ಅದನ್ನು ನೋಡಿ ಬೇಲಿಯಾಚೆಯ ಹೆಂಗಸರು, ಹೆತ್ತರೆ ಇಂಥ ಮಗನನ್ನು ಹೆರಬೇಕು ಎಂದು ಮಾತಾಡಿಕೊಂಡರು.

ಪಕ್ಕೀರಪ್ಪ ಅಷ್ಟು ಹೊತ್ತಿಗೆ ಚೀಲವನ್ನು ಸಿರುಗುಪ್ಪದ ಕಡೆಯ ಹರಿಕಾರನಿಗೆ ದಾಟಿಸಿದ್ದ. ಚೀಲದ ಜೊತೆಗೆ ಸುದ್ದಿಯನ್ನೂ ದಾಟಿಸಿದ್ದ. ತಾನು ಅದೇ ಸುದ್ದಿ ಹೊತ್ತು ಬಳ್ಳಾರಿಯ ಕಡೆ ಹೊರಟುಹೋಗಿದ್ದ.

ಮರುದಿನ ಸಂಜೆ ಬಂಡಿ ಸಿರುಗುಪ್ಪ ಹೊಕ್ಕಾಗ ಊರ ಅಗಸೆಬಾಗಿಲಲ್ಲೇ ಇಬ್ಬರು ಪುರೋಹಿತರು ದರ್ಭೆ ಹಿಡಿದು ಕಾಯುತ್ತಿದ್ದರು. ಒಬ್ಬರು ಬಂಡಿಯ ಬಲಗಡೆಯ ಗಾಲಿ ಹಿಡಿದರು, ಇನ್ನೊಬ್ಬರು ಎಡಗಡೆಯದು.

"ಬಳ್ಳಾರಿ ಅಸ್ಥಿ ಎಲ್ಲಾ ನಮ್ಮ ಮನೆತನದ್ದು!"

"ನಿಮ್ಮದು ರಾರಾವಿ ಊರಿನ ಕಡೆಯವರದ್ದು. ರಾಯರೇ, ಕೆಳಗ ಇಳೀರಿ, ಸಂಕಲ್ಪ ಮಾಡಸ್ತೀನಿ, ಹೊತ್ತು ಮುಳುಗೋದರಾಗ ಬಿಟ್ಟುಬಿಡೋಣು."

"ಏನನ್ನ ಬಿಡೋದ್ರೀ? ನಾ ಬೀಗರ ಮನಿಗೆ ಹೊಂಟೀನಿ! ಲಗ್ನದ ಮಾತಿಗೆ!"

ಇಬ್ಬರೂ ಗಾಲಿ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಅಸ್ಥಿ ತೊಡೆಯ ಮೇಲಿಟ್ಟುಕೊಂಡು ಲಗ್ನ ಮಾತಾಡಲು ಹೊರಟ ಬ್ರಾಹ್ಮಣನನ್ನು ಅವರು ಶಾಸ್ತ್ರದಲ್ಲಿ ಎಲ್ಲಿಯೂ ಓದಿರಲಿಲ್ಲ. ಜಗಳ ಮರೆತು ಬಂಡಿಯ ಹಿಂದೆ ನಡೆದರು. ಅವರ ಹಿಂದೆ ಓಣಿಯೇ ನಡೆಯಿತು.

ನರಸಿಂಹಾಚಾರ್ಯರು ಒದ್ದೆ ಪಂಚೆಯಲ್ಲಿ ಹೊಸ ಮನೆಯ ಕಟ್ಟೆಯ ಮೇಲೆ ನಿಂತಿದ್ದರು. ಸುದ್ದಿ ಬಂದೊಡನೆ ಮನೆಮಂದಿಯೆಲ್ಲ ತಲೆಗೆ ಸ್ನಾನ ಮಾಡಿದ್ದರು; ಬಂಡಿ ಊರು ಹೊಕ್ಕಿತೆಂದು ಕೇಳಿ ಆಚಾರ್ಯರು ಇನ್ನೊಮ್ಮೆ ಮಾಡಿದ್ದರು. ಒಳಗೆ ಅವರ ತಾಯಿ ಯಂಕಮ್ಮನ ದನಿ ಅತ್ತೂ ಅತ್ತೂ ಕೂತುಹೋಗಿತ್ತು. ಹುಡುಗಿ ನೋಡಲು ಬಂದಾಗ ಅಂಬುಜಮ್ಮನ ಜೊತೆ ಒಂದು ಹಗಲೆಲ್ಲ ಕೂತು ಇಬ್ಬರೂ ತಂತಮ್ಮ ಸೊಸೆಯರನ್ನು ಬೈದುಕೊಂಡಿದ್ದರು. ಅಷ್ಟರಿಂದ ಬೆಳೆದ ಸ್ನೇಹ ಗಟ್ಟಿಯಾಗಿತ್ತು.

"ರಾಯರೇ, ಅಲ್ಲೇ ನಿಂದರ್ರಿ. ಮೆಟ್ಟಲಾ ಹತ್ತಬ್ಯಾಡ್ರಿ," ಎಂದರು ಆಚಾರ್ಯರು. "ತಾಯಿ ಹೋಗಿದ್ದು ದುಃಖದ ಮಾತು. ಆದ್ರ ಅದನ್ನ ಮುಚ್ಚಿಟ್ಟು, ಸೂತಕದ ಮೈಯಿಂದ ನಮ್ಮ ಮನಿಗೆ ಲಗ್ನ ಗೊತ್ತುಮಾಡ್ಲಿಕ್ಕೆ ಬಂದ್ರಲ್ಲಾ, ಇದಕ್ಕೇನು ಅನ್ನೋಣು? ಒಂದು ವರ್ಷ ಕಾಯಬೇಕಾಗ್ತದ ಅಂತ ಹಿಂಗ ಮಾಡಿದ್ರಾ? ಇಂಥವರ ಸಂಬಂಧ ನಮಗ ಬ್ಯಾಡ."

ಮಗಳ ಮುಖ ರಾಯರ ಕಣ್ಣ ಮುಂದೆ ಬಂತು. ಎರಡು ದಿನದಿಂದ ಕೂಗಿ ಕೂಗಿ ಉಳಿದಿದ್ದ ಸಹನೆಯೂ ಅಲ್ಲಿಗೆ ಮುಗಿಯಿತು.

"ಆಚಾರ್ರೇ, ನಮ್ಮವ್ವ ಸತ್ತಿಲ್ಲ. ಇದು ನಿಮ್ಮ ಹೊಸ ಮನೀಗೆ ಅಂತ ತ್ರಾಸು ತಗೊಂಡು ತಂದ ಜಾಡಿ. ಇದ್ರಾಗ ಏನೂ ಇಲ್ಲ, ಏನೂ ಇಲ್ಲ ಅಂತ ಬಡಕೊಂಡೆ, ಒಬ್ಬನಾದ್ರೂ ಕೇಳಿದ್ನಾ? ನೋಡ್ರಿ, ಎಲ್ಲಾರೂ ಕಣ್ಣು ಬಿಟ್ಟು ನೋಡ್ರಿ!"

ಮರಿಬಸಪ್ಪನ ಸೊಂಟದ ಚೂರಿ ಎಳೆದುಕೊಂಡು ದಾರ ಕತ್ತರಿಸಿದರು. ಪಂಚೆ ಕಿತ್ತೆಸೆದರು. ನೀಲಿ ಸೇತುವೆ, ಕೊಡೆಯ ಮನುಷ್ಯ, ಮೂರು ಕಾಲಿನ ಹಕ್ಕಿ ಸಂಜೆಯ ಬಿಸಿಲಿನಲ್ಲಿ ಹೊಳೆದವು. ಒಂದು ಕ್ಷಣ ಓಣಿಯೆಲ್ಲ "ಆಹಾ" ಎಂದಿತು, ಸುಳ್ಳು ಹೇಳಬಾರದು. ರಾಯರು ಗೆದ್ದೆನೆಂದು ಮುಚ್ಚಳ ತೆಗೆದು ಜಾಡಿಯನ್ನು ತಲೆಕೆಳಗು ಮಾಡಿ ಅಲುಗಿಸಿದರು.

ದಬದಬ ಬೂದಿ ಸುರಿಯಿತು. ಬೂದಿಯ ಜೊತೆ ಗಟ್ಟಿಯಾದ ಕಪ್ಪು ಚೂರುಗಳು ಕಲ್ಲಿನ ಮೇಲೆ ಟಣಟಣ ಉರುಳಿದವು.

ಓಣಿ ಒಮ್ಮೆಗೇ ಹಿಂದಕ್ಕೆ ಸರಿಯಿತು. ಮುಂದಿದ್ದವರು ಹಿಂದಿದ್ದವರ ಕಾಲು ತುಳಿದರು. ಪುರೋಹಿತರಿಬ್ಬರೂ ಒಟ್ಟಿಗೆ "ನಾರಾಯಣ, ನಾರಾಯಣ" ಎಂದರು. ಆಚಾರ್ಯರು ಕಂಬ ಹಿಡಿದುಕೊಂಡು ಕೂತುಬಿಟ್ಟರು. ಒಳಗಿನಿಂದ ಯಂಕಮ್ಮ "ಅಯ್ಯೋ ಅಂಬುಜಾ, ಬಾಗಲಾಗ ಸುರುವಿಬಿಟ್ನಲ್ಲೇ ನಿನ್ನ!" ಎಂದು ಹೊಸದಾಗಿ ಅಳಲು ಹತ್ತಿದರು. ರಾಯರು ಖಾಲಿಯಾದ ಜಾಡಿಯೊಳಗೆ ಬಗ್ಗಿ ನೋಡಿದರು. ಅವರಿಗೂ ಒಂದು ಗಳಿಗೆ, ಅವ್ವ ನಿಜಕ್ಕೂ ಹೋಗಿಬಿಟ್ಟಳೋ ಏನೋ ಎಂದು ಅನುಮಾನ ಬಂತು.

"ಲೇ ಜಯಾ!"

ಆ ದನಿಗೆ ಸತ್ತವರು ಏಳಬೇಕು. ಇಲ್ಲಿ ಸತ್ತವರೇ ಕೂಗಿದ್ದರು. ಓಣಿಯ ತುದಿಯಲ್ಲಿ ಇನ್ನೊಂದು ಬಂಡಿ ನಿಂತಿತ್ತು. ಮೋಕದಲ್ಲಿ ಎತ್ತು ಬದಲಾಯಿಸಿಕೊಂಡು ಒಂದೇ ಹಗಲಲ್ಲಿ ಬಂದ ಬಂಡಿ. ಅದರಿಂದ ಕೆಂಪು ಸೀರೆಯ ಅಂಬುಜಮ್ಮ ಇಳಿದು ಬರುತ್ತಿದ್ದರು. ಜನ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ಮುಂಜಾನೆ ಬಾಗಲಾ ತೆಗೀತೀನಿ, ಓಣಿ ಮಂದಿ ಎಲ್ಲಾ ನಿಂತದ! ಸೆರಗು ಹೊತಗೊಂಡೀನಿ, ಗುರ್ತು ಸಿಗಲಿಲ್ಲ ಅಂತ ಕಾಣಸ್ತದ, 'ಅಂಬುಜಮ್ಮ ಯಾವಾಗ ಹೋದ್ರಮ್ಮಾ' ಅಂತ ನನ್ನೇ ಕೇಳ್ತಾರ! ನನಗ ಹ್ಯಾಂಗ ಗೊತ್ತಿರಬೇಕು?" ಅಷ್ಟರಲ್ಲಿ ಅವರ ಕಣ್ಣು ಬೂದಿಯ ಮೇಲೆ ಬಿತ್ತು, ಕಟ್ಟೆಯ ಮೇಲೆ ಕೂತ ಆಚಾರ್ಯರ ಮೇಲೆ ಬಿತ್ತು, ಮಗನ ಮುಖದ ಮೇಲೆ ಬಿತ್ತು. ಲಗ್ನ ಮುರಿದಿದೆ ಎಂಬುದನ್ನು ಆ ಮುಖದಲ್ಲಿ ಓದಿದರು. ಆಮೇಲೆ ದನಿ ಬದಲಾಯಿತು.

"ಯಂಕಮ್ಮಾ, ಹೊರಗ ಬರ್ರಿ. ಅತ್ರೇನು?"

ಬಾಗಿಲಿನಿಂದ ಯಂಕಮ್ಮನ ಊದಿದ ಮುಖ ಕಂಡಿತು. "ಮುಂಜಾನಿಂದ ಅಳಾಕ್ಹತ್ತೀನಲ್ಲೇ! ನೀ..."

"ಮನಸ್ಸಿನಿಂದ ಅತ್ರೇನು?"

"ನನ್ನ ಗಂಡ ಹೋದಾಗ ಇಷ್ಟು ಅತ್ತಿದ್ದಿಲ್ಲ!"

"ಪಾರಾದೆ," ಎಂದು ಅಂಬುಜಮ್ಮ ಕೈಮುಗಿದರು. "ನಾಕು ದಿನದ ಹಿಂದ ನನ್ನ ನೆತ್ತಿಗೆ ಹಕ್ಕಿ ಬಡೀತ್ರೀ."

"ಕಾಗೀ?" ಎಂದು ಓಣಿಯ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದರು. ಅಂಬುಜಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೆರಗು ಸರಿಸಿ ಬುಗುಟು ತೋರಿಸಿದರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾಗೆ ನೆತ್ತಿಗೆ ಬಡಿದರೆ ಜೀವಕ್ಕೆ ಗಂಡಾಂತರ. ಸತ್ತರೆಂದು ಸುಳ್ಳು ಸುದ್ದಿ ಕಳಿಸಿ, ಬಂಧುಗಳು ನಿಜವೆಂದು ನಂಬಿ ಅತ್ತರೆ ಆ ದೋಷ ಹೋಗುತ್ತದೆ. ಎಲ್ಲ ಮನೆಗಳಲ್ಲೂ ನಡೆಯುತ್ತಿದ್ದ ಸಂಗತಿ.

"ಆ ಬೂದಿ?" ಎಂದರು ಆಚಾರ್ಯರು, ಕಂಬ ಬಿಡದೆ.

"ನಮ್ಮ ಒಲಿದು. ದೊರೀ ಮನಿ ಜಾಡಿ, ಶುದ್ಧ ಆಗಲಿ ಅಂತ ಹುಣಸಿಹಣ್ಣು, ಬೂದಿ ತುಂಬಿಟ್ಟಿದ್ದೆ. ಬಗ್ಗಿ ನೋಡ್ರಿ, ಹುಣಸಿಬೀಜ ಗುರ್ತು ಸಿಗೂದಿಲ್ಲೇನು?"

ಒಬ್ಬ ಪುರೋಹಿತರು ದರ್ಭೆಯ ತುದಿಯಿಂದ ಕಪ್ಪು ಚೂರೊಂದನ್ನು ತಿರುಗಿಸಿದರು. ಹುಣಸೆಬೀಜವೇ.

ಆಚಾರ್ಯರು ಶಾಸ್ತ್ರದವರು, ಅಷ್ಟಕ್ಕೇ ಬಿಡುವವರಲ್ಲ. "ಅದೆಲ್ಲಾ ಸರಿ. ಆದ್ರ ಸುದ್ದಿ ಕಳಿಸೋದು ಬಂಧುಗಳಿಗೆ. ಅಳಬೇಕಾದವರೂ ಬಂಧುಗಳೇ. ನಾವಿನ್ನೂ ನಿಮಗ ಬಂಧುಗಳಾಗಿಲ್ಲಲ್ಲಾ?"

"ಹೌದೇನು?" ಅಂಬುಜಮ್ಮ ಶಾಂತವಾಗಿ ಕಟ್ಟೆಯ ಮೇಲೆ ಬಂದು ಕೂತರು. ಕಾಲು ಚಾಚಿದರು. "ಹಂಗಾದ್ರ ಇವರು ಅತ್ತಿದ್ದು ದಂಡ ಆತು. ದೋಷ ನನ್ನ ತಲೀ ಮ್ಯಾಲೇ ಅದ. ನಾ ಸಾಯಾಕೇ ಬೇಕು. ಇಷ್ಟು ದೂರ ಬಂದೀನಿ, ತಿರುಗಿ ಹೋಗಲಿಕ್ಕೆ ಆಗೂದಿಲ್ಲ. ಇಲ್ಲೇ, ನಿಮ್ಮ ಹೊಸ ಮನಿ ಕಟ್ಟೀ ಮ್ಯಾಲೇ ಮಲಕೋತೀನಿ. ಜಯಾ, ಗಂಟು ತಾ, ತಲಿಗಿಂಬು ಮಾಡಕೋತೀನಿ."

"ಅಯ್ಯ, ನರಸಿಂಹಾ!" ಯಂಕಮ್ಮ ಮಗನ ಭುಜ ಹಿಡಿದು ಅಲುಗಿಸಿದರು. "ಬಂಧುಗಳು ಹೌದು ಅನ್ನೋ! ಹೊಸ ಮನ್ಯಾಗ ಹೆಣಾ ಬೀಳಸ್ತೀಯೇನೋ? ಅನ್ನೋ ಲಗೂ!"

ಓಣಿಯೆಲ್ಲ ಆಚಾರ್ಯರ ಬಾಯಿಯನ್ನೇ ನೋಡುತ್ತಿತ್ತು. ಅಂಬುಜಮ್ಮ ಆಗಲೇ ಕಣ್ಣು ಮುಚ್ಚಿದ್ದರು.

"ಹೌದು," ಎಂದರು ಆಚಾರ್ಯರು.

"ಏನು ಹೌದು?" ಎಂದರು ಅಂಬುಜಮ್ಮ, ಕಣ್ಣು ಮುಚ್ಚಿಕೊಂಡೇ.

"ಬೀಗರು ಹೌದು. ಏಳ್ರೀ, ಒಳಗ ಬರ್ರಿ."

"ಬರ್ರಿ" ಎಂಬ ಮಾತು ಕೇಳಿ ಎರಡು ದಿನವಾಗಿದ್ದ ಜಯತೀರ್ಥರಾಯರಿಗೆ ನಿಂತಲ್ಲೇ ಕಣ್ಣು ತುಂಬಿತು. ಈ ಸಲ ಧೂಳು ಇರಲಿಲ್ಲ.

ಲಗ್ನ ಗೊತ್ತಾಯಿತು. ಜಾಡಿಯನ್ನು ಮಾತ್ರ ಬೀಗರು ಮುಟ್ಟಲಿಲ್ಲ. ಒಮ್ಮೆ ಅಸ್ಥಿ ಎನ್ನಿಸಿಕೊಂಡದ್ದು ಪಡಸಾಲೆಯಲ್ಲಿ ಹೇಗೆ ಕೂತೀತು? ಹೊಳೆಗೇ ಬಿಡುವುದೆಂದು ಅಂಬುಜಮ್ಮ ಹೊರಟಾಗ ಮರಿಬಸಪ್ಪ ತಲೆ ಕೆರೆದುಕೊಂಡು ಮುಂದೆ ಬಂದ. "ನಮ್ಮಾಗ ಈ ದೋಷ ಗೀಷ ಇಲ್ರೀ ಅಮ್ಮಾ. ನಮ್ಮ ಕೊಟ್ರಮ್ಮ ಹುಣಸಿಹಣ್ಣು ಹಾಕಿಟ್ಟುಕೊಳ್ತಾಳ." ತಿರುಗಿ ಬರುವಾಗ ಕುರುಗೋಡಿನಲ್ಲಿ ಜಾಡಿ ಇಳಿಯಿತು. ಕೊಟ್ರಮ್ಮ ಅದನ್ನು ನಡುಮನೆಯ ಗೋಡೆಯ ಗೂಡಿನಲ್ಲಿ ಇಟ್ಟಳು. ಹೇಳಿ ಮಾಡಿಸಿದಂತೆ ಕೂತಿತು. ನೆರೆಯವರೆಲ್ಲ ಬಂದು ನೋಡಿ ಹೊಗಳಿದರು. ರಾಯರು ಹೊಸ್ತಿಲ ಹೊರಗೆ ನಿಂತು ನೋಡಿ ಬಂಡಿ ಹತ್ತಿದರು.

ಬಂಡಿಯಲ್ಲಿ ಕಮಾನಿನ ಒಳಗೆ ಅಂಬುಜಮ್ಮ ಒರಗಿದ್ದರು. ಸ್ವಲ್ಪ ದೂರ ಬಂದ ಮೇಲೆ ರಾಯರು ಕೇಳಿದರು: "ಅವ್ವಾ, ಮಡಿವಂತಳು ನೀ, ಅಷ್ಟು ಮಂದಿ ಮುಂದ ಸುಳ್ಳು ಹೇಳಿದ್ಯಲ್ಲಾ?"

"ಏನು ಸುಳ್ಳು? ಹಕ್ಕಿ ಬಡೀತು ಅಂದೆ. ಬಡದಿಲ್ಲೇನು? ನಿನ್ನ ಜಾಡೀ ಮ್ಯಾಲಿನ ಮೂರು ಕಾಲಿಂದು. ಕಾಗಿ ಅಂದವರು ಅವರು. ಬಡದಾಗ ನೀ ಯಾರನ್ನ ನೋಡಿದಿ ಅದೂ ನೆನಪದ ನನಗ. ಮನಿಗೆ ನಡಿ, ಹೇಳ್ತೀನಿ."

ರಾಯರು ಬಂಡಿಯ ಮುಂತುದಿಗೆ, ಮೂಕಿಯ ಹತ್ತಿರ ಸರಿದು ಕೂತರು. ತೊಡೆ ಖಾಲಿ ಇತ್ತು. ಅಷ್ಟರಲ್ಲಿ ಹಿಂದಿನಿಂದ ಗೆಜ್ಜೆಕೋಲಿನ ಸದ್ದು ಕೇಳಿಸಿತು. ಪಕ್ಕೀರಪ್ಪ. ಸುದ್ದಿ ಹೇಳುವುದರಲ್ಲಿ ಗಟ್ಟಿಗನಾದ ಈತನಿಗೆ ಸುದ್ದಿ ಕೇಳುವ ಅಭ್ಯಾಸ ಇರಲಿಲ್ಲ. ರಾಯರ ಖಾಲಿ ತೊಡೆ ನೋಡಿ ರುಮಾಲು ತೆಗೆದ.

"ಎಲ್ಲಾ ಸುಸೂತ್ರ ಆತೇನ್ರಿ ಸ್ವಾಮಿ? ಬಿಟ್ಟು ಬಂದ್ರಾ?"

ಇಲ್ಲ ಎನ್ನಬೇಕು, ಯಾರೂ ಸತ್ತಿಲ್ಲ ಎನ್ನಬೇಕು, ಜಾಡಿ ಎನ್ನಬೇಕು, ಪಿಂಗಾಣಿ ಎನ್ನಬೇಕು, ಚೀನಾ ದೇಶ ಎನ್ನಬೇಕು. ರಾಯರಿಗೆ ಸಾಕಾಗಿತ್ತು.

"ಬಿಟ್ಟು ಬಂದೆನಪ್ಪ," ಎಂದರು.

"ಪುಣ್ಯಾತ್ಮರು. ಅಮ್ಮಾರು ಹೋಗೋ ಮುಂದ ಏನಾರ ಮಾತಾಡಿದ್ರೇನ್ರಿ?"

ಕಮಾನಿನ ಚಾಪೆ ಸರಿಯಿತು. ಕೆಂಪು ಸೆರಗು ಹೊದ್ದ ತಲೆಯೊಂದು ಹೊರಗೆ ಬಂತು.

"ಇನ್ನೂ ಮುಗದಿಲ್ಲೋ! ನಿನಗೂ ಎರಡು ಮಾತು ಇಟ್ಟೀನಿ, ಬಾ ಇಲ್ಲಿ!"

ಆ ದಿವಸ ಕುರುಗೋಡಿನ ಟಪಾಲು ಬಳ್ಳಾರಿಗೆ ಎಂದಿಲ್ಲದಷ್ಟು ಬೇಗ ಮುಟ್ಟಿತು. ದೊರೆಗಳು ಪಕ್ಕೀರಪ್ಪನನ್ನು ಕರೆಸಿ ಬೆನ್ನು ತಟ್ಟಿದರಂತೆ. ಯಾಕೆ ಅಷ್ಟು ಓಡಿದೆ ಎಂದು ಕೇಳಿದ್ದಕ್ಕೆ ಅವನು, "ಏನೂ ಇಲ್ರೀ," ಅಂದನಂತೆ.